ಮೊರಬದ ದಾರಿಯ ನಾಲ್ಕು ಹಂಪು

ಊರಿಗೆ ಹೊರಡುವ ಹಿಂದಿನ ರಾತ್ರಿ ಫೋನ್ ಮಾಡಿದಾಗ ಅಪ್ಪ ಕೇಳುವ ಮೊದಲ ಪ್ರಶ್ನೆ ಯಾವತ್ತೂ ಒಂದೇ: “ಕಾರ್ ತರ್ತಿಯೋ, ಬಸ್ಸಿಗೆ ಬರ್ತಿಯೋ?” ಕಾರು ಅಂದರೆ ಒಂದು ಗಳಿಗೆ ಸುಮ್ಮನಾಗುತ್ತಾನೆ. ಆಮೇಲೆ “ಹೂಂ, ನಿಧಾನ ಬಾ” ಅಂತ ಫೋನನ್ನು ಅವ್ವನ ಕೈಗೆ ಕೊಡುತ್ತಾನೆ. ನಡುವಿನ ಆ ಒಂದು ಗಳಿಗೆಯನ್ನು ನಾನು, ಮಗ ಅಷ್ಟು ದೂರ ಒಬ್ಬನೇ ಗಾಡಿ ಓಡಿಸಿಕೊಂಡು ಬರ್ತಾನಲ್ಲ ಅನ್ನೋ ಚಿಂತೆ ಅಂತಲೇ ತಿಳಿದಿದ್ದೆ. ಅದು ಬೇರೆ ಏನೋ ಅಂತ ಗೊತ್ತಾಗಿದ್ದು ಕಳೆದ 2025ರ ದೀಪಾವಳಿಗೆ.

ಮೊದಲು ಕಾರಿನ ಬಗ್ಗೆ ಹೇಳಿಬಿಡ್ತೀನಿ. ಫೋರ್ಡ್ ಫಿಯೆಸ್ಟಾ 1.6 ಎಸ್, 2008ರದ್ದು. ‘ಎಸ್’ ಅಂದರೆ ಸ್ಪೋರ್ಟ್. ನಿಜ ಹೇಳಬೇಕೆಂದರೆ ಇದು ಸ್ಪೋರ್ಟ್ಸ್ ಕಾರೇನೂ ಅಲ್ಲ. ನಾಲ್ಕು ಬಾಗಿಲು, ಹಿಂದೊಂದು ಡಿಕ್ಕಿ, ಐದು ಜನ ಕೂರುವ ಸೆಡಾನು. ಆದರೆ 1.6 ಲೀಟರಿನ ಪೆಟ್ರೋಲ್ ಎಂಜಿನ್, ಬಿಗಿಯಾದ ಸಸ್ಪೆನ್ಶನ್, ರಸ್ತೆಯ ಪ್ರತಿ ಕಲ್ಲನ್ನೂ ಅಂಗೈಗೆ ಮುಟ್ಟಿಸುವ ಹೈಡ್ರಾಲಿಕ್ ಸ್ಟೀರಿಂಗ್. ನಮ್ಮಂಥವರ ಕೈಗೆ ಎಟುಕುವ ಬೆಲೆಯಲ್ಲಿ, ಓಡಿಸುವವನ ಖುಷಿಗೆ ಅಂತಲೇ ಮಾಡಿದ ಕಾರುಗಳು ಆಗ ಬೆರಳೆಣಿಕೆಯಷ್ಟು. ಹುಬ್ಬಳ್ಳಿಯ ಬಿವಿಬಿಯಲ್ಲಿ ಎಂಜಿನಿಯರಿಂಗ್ ಓದುವಾಗ ಕಾಲೇಜಿನ ಗೇಟಿನ ಹೊರಗೆ ಯಾರದೋ ಕೆಂಪು ಫಿಯೆಸ್ಟಾ ನಿಲ್ಲುತ್ತಿತ್ತು. ಚಹಾ ಕುಡಿಯುತ್ತ ಅದನ್ನೇ ನೋಡುತ್ತ ನಿಂತ ದಿನಗಳಿಗೆ ಲೆಕ್ಕವಿಲ್ಲ. ಬೆಂಗಳೂರಿನಲ್ಲಿ ನೌಕರಿ ಸಿಕ್ಕು ಎರಡು ವರ್ಷವಾದ ಮೇಲೆ, 2019ರಲ್ಲಿ, ಒಂದು ಮುಕ್ಕಾಲು ಲಕ್ಷಕ್ಕೆ ಸೆಕೆಂಡ್ ಹ್ಯಾಂಡ್ ತಗೊಂಡೆ. ಆಗ ಓಡಿದ್ದು 1,12,000 ಕಿ.ಮೀ. ಮೊದಲಿನ ಮಾಲೀಕ ನನಗಿಂತ ದೊಡ್ಡ ಹುಚ್ಚ. ಕಂಪನಿಯ ಸ್ಪ್ರಿಂಗ್ ತೆಗೆಸಿ ಕುಳ್ಳ ಸ್ಪ್ರಿಂಗ್ ಹಾಕಿಸಿ ಕಾರನ್ನು ನೆಲಕ್ಕೆ ಇನ್ನಷ್ಟು ಇಳಿಸಿದ್ದ. ತಿರುವಿನಲ್ಲಿ ಹಳಿಯ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಊರಲ್ಲಿ ಇದಕ್ಕೆ ಹೆಸರೇ ‘ಸ್ಪೋರ್ಟ್ಸ್ ಕಾರ’. ಹಾಗಂದಾಗ ನನಗೆ ಒಳಗೊಳಗೇ ಖುಷಿ. ನಾನು ತಿದ್ದಲು ಹೋಗಿಲ್ಲ.

ಈಗ ಮೀಟರಿನಲ್ಲಿ 2,38,000 ದಾಟಿದೆ. ಕಾರು ಮಾಡಿದ ಕಂಪನಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿದ್ದು 2021ರ ಸೆಪ್ಟೆಂಬರಿನಲ್ಲಿ. ಸಾನಂದ್ ಕಾರ್ಖಾನೆಯನ್ನು ಟಾಟಾದವರು ತಗೊಂಡರು, ನನ್ನ ಕಾರು ಹುಟ್ಟಿದ ಚೆನ್ನೈ ಹತ್ತಿರದ ಕಾರ್ಖಾನೆ ಬಾಗಿಲು ಹಾಕಿತು. ತವರು ಇಲ್ಲದ ಕಾರು ಅಂತ ಗೆಳೆಯರು ಆಡಿಕೊಳ್ತಾರೆ. 2023ಕ್ಕೆ ಹದಿನೈದು ವರ್ಷ ತುಂಬಿ ಆರ್‌ಸಿ ಮುಗಿಯಿತು. ಮೊದಲು ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಕಟ್ಟಿ, ಗಾಡಿ ತೋರಿಸಿ, 2028ರವರೆಗೆ ಕಾಗದ ಮಾಡಿಸಿಕೊಂಡು ಬಂದೆ. ಆವತ್ತು ಹೊಸ ಕಾರು ತಗೊಂಡಷ್ಟೇ ಸಂಭ್ರಮ ಪಟ್ಟಿದ್ದೆ.

ಆದರೆ ಹೋದ ವರ್ಷ ಗ್ಯಾರೇಜಿನವನು ಒಂದು ಪಟ್ಟಿ ಕೊಟ್ಟ. ಕ್ಲಚ್ ಪ್ಲೇಟ್ ಮುಗಿದಿದೆ, ಮುಂದಿನ ಸಸ್ಪೆನ್ಶನ್ನಿನ ಬುಷ್‌ಗಳು ಹೋಗಿವೆ, ಸ್ಟೀರಿಂಗಿನಲ್ಲಿ ಎಣ್ಣೆ ಸೋರುತ್ತಿದೆ, ಎಸಿ ಕಂಪ್ರೆಸರ್ ಇವತ್ತೋ ನಾಳೆಯೋ. ಒಟ್ಟು 85,000. ಕಾರನ್ನು ಇದ್ದ ಹಾಗೇ ಮಾರಿದರೆ ಬರೋದೂ ಹೆಚ್ಚುಕಮ್ಮಿ ಅಷ್ಟೇ. ಸಾಫ್ಟ್‌ವೇರ್‌ನವರ ಜಾಯಮಾನ ನಿಮಗೆ ಗೊತ್ತಲ್ಲ, ಹೆಣ್ಣು ನೋಡೋಕೂ ಎಕ್ಸೆಲ್ ಶೀಟ್ ಮಾಡುವ ಜನ. ನಾನೂ ಮಾಡಿದೆ, ಹದಿನಾಲ್ಕು ಸಾಲಿನದ್ದು. ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು, ಮೇಲಿನ ಸೆಸ್ಸೂ ಹೋದಾಗ ಆಫೀಸಿನಲ್ಲಿ ಎಲ್ಲರದೂ ಒಂದೇ ಮಾತು, ಈಗ ತಗೊಳ್ದಿದ್ರೆ ಇನ್ಯಾವಾಗ? ಅಷ್ಟಾದರೂ ನೋಂದಣಿ ತೆರಿಗೆ, ವಿಮೆ ಎಲ್ಲ ಸೇರಿ ನನಗೆ ಒಪ್ಪುವ ಕಾರಿಗೆ ತಿಂಗಳಿಗೆ 21,000 ಕಂತು, ಐದು ವರ್ಷ. ನಮ್ಮ ಟೀಮಿನಲ್ಲಿ ಜೂನ್‌ನಲ್ಲಿ ಹನ್ನೊಂದು ಜನ ಇದ್ದೆವು, ಅಕ್ಟೋಬರಿಗೆ ಏಳು. ಐದು ವರ್ಷದ ಮಾತು ಆಡೋಕೆ ಈಗ ನಮ್ಮಲ್ಲಿ ಯಾರಿಗೂ ಧೈರ್ಯ ಇಲ್ಲ.

ಹಳೆಯ ಕಾರು ಸೋತೇ ಸೋಲುತ್ತಿದ್ದ ಸಾಲು ಒಂದಿತ್ತು, ಸುರಕ್ಷತೆಯದ್ದು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಬಂದ ಮೇಲೆ ಹೊಸ ಕಾರುಗಳನ್ನು ಗುದ್ದಿಸಿ ನೋಡಿ ನಕ್ಷತ್ರ ಕೊಡ್ತಾರೆ. 2008ರ ಕಾರಿಗೆ ಯಾವ ನಕ್ಷತ್ರ? ಅಲ್ಲಿ ನಾನು ಕೆಂಪು ಬಣ್ಣ ತುಂಬಿ, ಮುಂದಿನ ಸಾಲಿಗೆ ಹೋಗಿಬಿಟ್ಟೆ. ಇದು ನನ್ನ ತಪ್ಪೇ. ಇಷ್ಟದ ವಸ್ತುವಿನ ಲೆಕ್ಕ ಹಾಕುವಾಗ ಕೈ ಹೀಗೆ ಜಾರುತ್ತೆ.

ಕೊನೆಗೆ, ದೀಪಾವಳಿಗೆ ಇದೇ ಕಾರಿನಲ್ಲಿ ಊರಿಗೆ ಹೋಗಿ ಬರೋಣ, ಹೋಗಿಬರುವ 900 ಕಿ.ಮೀ. ಅದೇ ಪರೀಕ್ಷೆ ಅಂದುಕೊಂಡೆ. ಪಾಸಾದರೆ ರಿಪೇರಿ, ಫೇಲಾದರೆ ಮಾರಾಟ.

ಭಾನುವಾರ ಬೆಳಗಿನ ನಾಲ್ಕಕ್ಕೆ ಬೆಂಗಳೂರು ಬಿಟ್ಟೆ. ನೆಲಮಂಗಲದ ಟೋಲಿನಲ್ಲಿ ಆಗಲೇ ಹಬ್ಬದ ಸಾಲು. ತುಮಕೂರು ದಾಟುವವರೆಗೆ ಸ್ಟೀರಿಂಗ್ ಹಿಡಿದವನಿಗೆ ಕೆಲಸವೇ ಇಲ್ಲ, ಬರೀ ಕ್ಲಚ್ಚಿಗೆ ಕೆಲಸ. ಶಿರಾ ಕಳೆದ ಮೇಲೆ ರಸ್ತೆ ಬಿಚ್ಚಿಕೊಂಡಿತು. ಮುಂದಿನ ಎಡಚಕ್ರದ ಹತ್ತಿರ ‘ಟಕ್ ಟಕ್’ ಅಂತ ಒಂದು ಸದ್ದು, ಎಂಬತ್ತರ ಮೇಲೆ ಹೋದರೆ ಅದೂ ಕೇಳಿಸಲ್ಲ. ಹಿರಿಯೂರು ದಾಟಿ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ಬೆಳಕು ಹರಿದಿತ್ತು. ಅಲ್ಲಿನ ಉದ್ದನೆಯ ತಿರುವುಗಳಲ್ಲಿ ನನ್ನ ಕಾರು ಹದಿನೇಳು ವರ್ಷದ್ದು ಅಂತ ಯಾರೂ ಹೇಳಲಾರರು. ತಿರುವಿಗೆ ಒಳಗಾಗುವಾಗ ಅದು ವಾಲುವುದಿಲ್ಲ, ಕೂರುತ್ತೆ. ಆ ಐದು ನಿಮಿಷಕ್ಕಾಗಿ 85,000 ಕೊಡಬಹುದು ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು ಪೆಟ್ರೋಲ್ ಹಾಕಿಸಿದೆ. ಈಗ ಸಿಗೋದು ಶೇ 20 ಎಥನಾಲ್ ಬೆರೆತದ್ದು. ನನ್ನ ಕಾರು ಅದಕ್ಕೆ ಹುಟ್ಟಿದ್ದಲ್ಲ. ಹಳೆಯ ಕಾರುಗಳಲ್ಲಿ ಮೈಲೇಜು ಶೇ 6–7ರಷ್ಟು ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇದೆ. ಲೀಟರಿಗೆ ಹದಿಮೂರು ಕೊಡುತ್ತಿದ್ದದ್ದು ಈಗ ಹನ್ನೆರಡು. ಪೆಟ್ರೋಲಿನ ರಬ್ಬರ್ ಪೈಪುಗಳನ್ನು ವರ್ಷಕ್ಕೊಮ್ಮೆ ಬಗ್ಗಿ ನೋಡ್ತೀನಿ, ಬಿರುಕು ಬಿಟ್ಟಿದೆಯಾ ಅಂತ.

ಹರಿಹರದ ಹತ್ತಿರ ತುಂಗಭದ್ರೆ ದಾಟಿದರೆ ನನ್ನ ಬಾಯಿ ತಾನಾಗಿ ಬದಲಾಗುತ್ತೆ. ಹೊಳೆಯ ಈಚೆ ‘ಹೌದು ಸರ್’ ಅಂದವನು ರಾಣೆಬೆನ್ನೂರಿನ ಚಹಾದಂಗಡಿಯಲ್ಲಿ ‘ಹೌದರೀ’ ಅನ್ನುತ್ತೇನೆ. ಹಾವೇರಿ, ಬಂಕಾಪುರ, ಶಿಗ್ಗಾಂವಿ. ಹುಬ್ಬಳ್ಳಿ ಮುಟ್ಟಿದಾಗ ಹನ್ನೊಂದೂವರೆ. ಇಲ್ಲಿಯವರೆಗೆ ಪರೀಕ್ಷೆಯಲ್ಲಿ ಕಾರಿಗೆ ಫಸ್ಟ್ ಕ್ಲಾಸ್.

ಹುಬ್ಬಳ್ಳಿಯಿಂದ ನವಲಗುಂದದ ಕಡೆ ಹೊರಳಿ ಕುಸುಗಲ್ಲ ದಾಟಿದರೆ ನೆಲದ ಬಣ್ಣವೇ ಬೇರೆ. ಎರೆಭೂಮಿ. ಕಣ್ಣು ಹಾಯಿಸಿದಷ್ಟೂ ಕಪ್ಪು, ಬಯಲು, ಮರಗಳು ಎಣಿಸಿ ಹೇಳುವಷ್ಟು. ಅಕ್ಟೋಬರಿನಲ್ಲಿ ಒಂದು ಹೊಲದಲ್ಲಿ ಹತ್ತಿ ಬಿರಿದಿರುತ್ತೆ, ಪಕ್ಕದ ಹೊಲದಲ್ಲಿ ಕಡಲೆ ಬಿತ್ತುತ್ತಿರುತ್ತಾರೆ. ಈ ಮಣ್ಣಿನ ಗುಣ ಗೊತ್ತಿಲ್ಲದವರಿಗೆ ಹೇಳಬೇಕು. ಮಳೆ ಬಿದ್ದರೆ ಉಬ್ಬುತ್ತೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತೆ. ಹೀಗೆ ಉಸಿರಾಡುವ ನೆಲದ ಮೇಲೆ ಹಾಕಿದ ಡಾಂಬರು ಎರಡು ಮಳೆಗಾಲದಲ್ಲಿ ಅಲೆ ಎದ್ದುಬಿಡುತ್ತೆ. ದೂರದಿಂದ ನುಣ್ಣಗೆ ಕಾಣುವ ರಸ್ತೆ, ಮೇಲೆ ಹೋದರೆ ದೋಣಿ. ಹೊಟ್ಟೆ ಎತ್ತರವಿರುವ ಗಾಡಿಗಳು ತೂಗುತ್ತ ಹೋಗ್ತವೆ. ನನ್ನದು ಪ್ರತಿ ಅಲೆಯ ತುದಿಗೂ ‘ಗರ್’ ಅಂತ ಹೊಟ್ಟೆ ತೀಡಿಕೊಂಡು ಹೋಗುತ್ತೆ. ಇನ್ನು ಹೆದ್ದಾರಿ ಬಿಟ್ಟು ಊರ ರಸ್ತೆಗೆ ಇಳಿದರೆ ಅರ್ಧ ದಾರಿಯಲ್ಲಿ ಗೋವಿನಜೋಳ ಹರವಿರುತ್ತಾರೆ, ಒಣಗಲಿಕ್ಕೆ. ಅಂಚಿಗೆ ಕಲ್ಲಿಟ್ಟಿರುತ್ತಾರೆ. ಕಾಳಿನ ಮೇಲೆ ಚಕ್ರ ಹೋಗಬಾರದು, ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ಹೋಗಬೇಕು. ಚಿತ್ರದುರ್ಗದ ತಿರುವಿನ ಶೂರ ಇಲ್ಲಿ ಎಂಟು ಕಿ.ಮೀ. ವೇಗದಲ್ಲಿ ತೆವಳುತ್ತಿದ್ದ.

ಮೊರಬ ನವಲಗುಂದ ತಾಲ್ಲೂಕಿನ ದೊಡ್ಡ ಊರುಗಳಲ್ಲೊಂದು. ಧಾರವಾಡದ ಕಡೆಯಿಂದ ಬರುವ ತುಪ್ಪರಿಹಳ್ಳ ನಮ್ಮ ಸೀಮೆಯಲ್ಲಿ ಹರಿಯುತ್ತೆ. ಬೇಸಿಗೆಯಲ್ಲಿ ಅದು ಇದೆ ಅನ್ನೋದೇ ಮರೆತುಹೋಗುತ್ತೆ, ಜೋರು ಮಳೆಗೆ ಹೊಲದ ಮೇಲೆ ಬಂದು ತಾನಿದ್ದೇನೆ ಅಂತ ತೋರಿಸುತ್ತೆ. ಈ ಭಾಗದ ಬಹಳ ಊರುಗಳಲ್ಲಿ ನೆಲದಡಿಯ ನೀರು ಸವಳು. ಕುಡಿಯೋಕೆ ಕೆರೆಯ ನೀರೇ ಗತಿ. ಹಾಗಾಗಿ ನಮ್ಮೂರಲ್ಲಿ ಕಾರು ತೊಳೆಯೋದು ಅಂದರೆ ಬೈಗುಳ ತಿನ್ನುವ ಕೆಲಸ. ಮೊದಲ ಸಲ ನಾನು ಪೈಪು ಹಿಡಿದಾಗ ಅಪ್ಪ ಓಣಿಗೆಲ್ಲ ಕೇಳುವ ಹಾಗೆ ಕೂಗಿದ್ದ, “ಕುಡಿಯೋ ನೀರಾಗ ಗಾಲಿ ತೊಳೀತಿಯೇನಲೇ?” ಬೋರಿನ ಸವಳು ನೀರನ್ನು ರೇಡಿಯೇಟರಿಗೆ ಹಾಕೋ ಹಾಗಿಲ್ಲ, ಒಳಗೆ ಉಪ್ಪು ಕಟ್ಟುತ್ತೆ. ಡಿಕ್ಕಿಯಲ್ಲಿ ಯಾವಾಗಲೂ ಒಂದು ಕ್ಯಾನ್ ಕೂಲಂಟ್ ಇಟ್ಟುಕೊಂಡೇ ಬರ್ತೀನಿ.

ಇನ್ನು ಹಂಪುಗಳು. ಊರೊಳಗೆ ಹೋಗುವ ರಸ್ತೆಯಿಂದ ನಮ್ಮ ಮನೆಯವರೆಗೆ ನಾಲ್ಕು. ಲೆಕ್ಕದ ಪ್ರಕಾರ ಹಾಕಿದವಲ್ಲ, ಹುಡುಗರು ಬೈಕ್ ಜೋರು ಓಡಿಸ್ತಾರೆ ಅಂತ ಓಣಿಯವರು ಸಿಮೆಂಟ್ ಸುರಿದು ಮಾಡಿದ್ದು. ಎರಡನೆಯದಂತೂ ಹಂಪಲ್ಲ, ಒಡ್ಡು. ಒಬ್ಬನೇ ಇದ್ದರೆ ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಿ ದಾಟಿಸ್ತೀನಿ. ನಾಲ್ಕು ಜನ ಕೂತರೆ ಚೇಂಬರ್ ಬಡಿಯುತ್ತೆ, ಬಡಿದು ಒಡೆದರೆ ಎಂಜಿನ್ ಎಣ್ಣೆಯೆಲ್ಲ ಓಣಿಗೆ. ಹಾಗಾಗಿ ಹಂಪು ಬಂದಾಗ ಎಲ್ಲರೂ ಇಳಿಯೋದು, ನಾನು ಖಾಲಿ ಕಾರು ದಾಟಿಸೋದು, ಆಚೆ ಎಲ್ಲರೂ ಮತ್ತೆ ಹತ್ತೋದು. ಆರು ವರ್ಷದಿಂದ ಇದು ನಮ್ಮನೆಯಲ್ಲಿ ಒಂದು ತಮಾಷೆ. ಓಣಿಯ ಹುಡುಗರು ನಿಂತು ನೋಡ್ತಾರೆ. “ಸ್ಪೋರ್ಟ್ಸ್ ಕಾರ ಬಂತು, ಇಳೀರಿ ಇಳೀರಿ” ಅಂತ ಕೂಗ್ತಾರೆ.

ಎರಡು ವರ್ಷದ ಹಿಂದೆ ಒಂದು ಮದುವೆಗೆ ಹೊರಟಾಗ ಅಪ್ಪ ಮೊದಲ ಹಂಪಿಗೆ ಇಳಿದು ಹತ್ತಿದ. ಎರಡನೆಯದಕ್ಕೆ ಇಳಿದವನು ಹತ್ತಲಿಲ್ಲ. “ನೀವು ಮುಂದ ಹೋಗ್ರಿ, ನಂದೀಟು ಕೆಲಸ ಐತಿ, ಬಸ್ಸಿಗೆ ಬರ್ತೀನಿ” ಅಂದ. ಹಟಮಾರಿ ಮನುಷ್ಯ ಅಂತ ನಾನು ಗೊಣಗಿಕೊಂಡು ಗೇರ್ ಹಾಕಿದ್ದೆ. ಆಮೇಲೆ ಅಪ್ಪ ನನ್ನ ಕಾರಿನಲ್ಲಿ ಕೂತಿದ್ದು ನೆನಪಿಲ್ಲ. ಅದೂ ನನಗೆ ಹೊಳೆದಿದ್ದು ಈಗ.

ಅಮಾವಾಸ್ಯೆಯ ದಿನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಒಲೆಯ ಹತ್ತಿರ ಕೂತು ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದೆ. ಗುರುವಾರ ಹುಬ್ಬಳ್ಳಿಯ ದವಾಖಾನೆಗೆ ಹೋಗೋದಿದೆ, ಅಪ್ಪನ ಮೊಣಕಾಲು ತೋರಿಸಬೇಕು, ಮುಂಜಾನೆಯ ಬಸ್ಸಿಗೆ ಹೋಗ್ತೀವಿ ಅಂದಳು.

“ನಾ ಇದ್ದೀನಲ್ಲ, ಕಾರೂ ಐತಿ. ಬಸ್ಸಿಗೆ ಯಾಕ?”

ಅವ್ವ ರೊಟ್ಟಿ ತಿರುವಿ ಹಾಕಿದಳು. ಮಾತಾಡಲಿಲ್ಲ. ಇನ್ನೊಂದು ರೊಟ್ಟಿ ಬಡಿದು ಹಂಚಿಗೆ ಹಾಕಿದ ಮೇಲೆ ಹೇಳಿದಳು, “ನಿನ್ನ ಕಾರಾಗ ಕುಂತ್ರ ನಿಮ್ಮಪ್ಪಗ ಏಳಾಕ ಆಗಂಗಿಲ್ಲೋ ತಮ್ಮಾ. ಆವತ್ತ ಮದುವಿಗೆ ಹೊಂಟಾಗ ಕಣ್ಣಾಗ ನೀರು ಬಂದಿದ್ವು. ನಿನಗ ಹೇಳಬ್ಯಾಡ ಅಂದಾನ. ಹುಡುಗ ಹೌಸಿಲೆ ತಗೊಂಡಾನ, ನನ್ನ ಕಾಲಿನ ಸಲುವಾಗಿ ಮಾರಿಗೀರಿಯಾನು ಅಂತ.”

ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ನನ್ನ ಹದಿನಾಲ್ಕು ಸಾಲಿನ ಶೀಟಿನಲ್ಲಿ ಟೈರಿನ ಸವೆತಕ್ಕೆ ಒಂದು ಸಾಲು ಇತ್ತು. ಸಂಗೀತದ ಸಿಸ್ಟಮ್ಮಿಗೂ ಒಂದು ಸಾಲು ಇತ್ತು.

ಸಂಜೆ ಅಪ್ಪ ಹೊಲಕ್ಕೆ ಹೋದಾಗ ನಾನು ಕಾರಿನ ಮುಂದಿನ ಎಡಸೀಟಿನಲ್ಲಿ ಕೂತು ನೋಡಿದೆ. ಆರು ವರ್ಷದಲ್ಲಿ ಆ ಸೀಟಿನಲ್ಲಿ ನಾನು ಕೂತಿದ್ದು ಅದೇ ಮೊದಲು! ಸ್ಪಂಜು ಸತ್ತು ಹೋಗಿ ಬಾವಿಗೆ ಇಳಿದ ಹಾಗೆ. ಮೊಣಕಾಲು ಸೊಂಟಕ್ಕಿಂತ ಮೇಲೆ. ಕೈ ಹಾಕಿ ಏಳೋಣ ಅಂದರೆ ಮೇಲಿನ ಹಿಡಿಕೆ ಕಿತ್ತುಹೋಗಿ ಎಷ್ಟು ಕಾಲವಾಯಿತೋ, ಅಲ್ಲಿ ಎರಡು ತೂತು ಮಾತ್ರ. ಅವ್ವನ ಹೊಲಿಗೆಯ ಟೇಪು ತಂದು ಅಳೆದೆ. ಸೀಟಿನ ಅಂಚು ನೆಲದಿಂದ 16 ಇಂಚು. ಅಪ್ಪ ದಿನಾ ಕೂರುವ ಮನೆ ಮುಂದಿನ ಕಟ್ಟೆ 21. ನಡುವಿನ ಆ ಐದು ಇಂಚು ಆತನಿಗೆ ಏನು ಅನ್ನೋದು ಮೂವತ್ತು ವರ್ಷದ ನನ್ನ ಮೊಣಕಾಲಿಗೆ ಹೇಗೆ ಗೊತ್ತಾಗಬೇಕು?

ರಾತ್ರಿ ನೇರವಾಗಿ ಕೇಳಿಯೇಬಿಟ್ಟೆ, ಬಸ್ಸಿನ ಮೆಟ್ಟಿಲು ಕಾರಿಗಿಂತ ಎತ್ತರ ಅಲ್ಲವಾ ಅಂತ. ಅವ್ವ ಹೇಳಿದ್ದಾಳೆ ಅಂತ ಆತನಿಗೂ ಗೊತ್ತಾಯಿತು. ಆಕೆಯ ಕಡೆ ಒಮ್ಮೆ ನೋಡಿ, “ಬಸ್ಸಿಗೆ ಹಿಡಿಯಾಕ ಕಂಬಿ ಐತಿ. ನಿನ್ನ ಕಾರಿಗೆ ಏನೈತಿ?” ಅಂದ.

“ಹೊಸದು ತಗೋತೀನಿ ಬಿಡಪಾ. ಎತ್ತರಂದು.”

“ಎಷ್ಟಾಕ್ಕೈತಿ?”

ಹೇಳಿದೆ. ಕಂತಿನದೂ ಹೇಳಿದೆ. ಟೀಮಿನಲ್ಲಿ ನಾಲ್ಕು ಜನ ಹೋದದ್ದನ್ನು ಮಾತ್ರ ಹೇಳಿರಲಿಲ್ಲ. ಆವತ್ತು ಅದೂ ಬಾಯಿಗೆ ಬಂತು. ಅಪ್ಪ ಬಹಳ ಹೊತ್ತು ಅಡಿಕೆ ಕತ್ತರಿಸುತ್ತ ಕೂತ. ಆಮೇಲೆ ವಿಷಯ ಬದಲಿಸಿ, ನಿನ್ನ ಪೆಟ್ರೋಲಿನಾಗ ಏನೋ ಬೆರಸ್ತಾರಂತಲ್ಲ ಅಂತ ಕೇಳಿದ. ಎಥನಾಲ್, ಕಬ್ಬಿನದು, ಗೋವಿನಜೋಳದ್ದು ಅಂತ ವಿವರಿಸಿದೆ. ಬೆಂಬಲ ಬೆಲೆ ಕ್ವಿಂಟಲಿಗೆ 2,400 ಅಂತ ಆಗ ಕಾಗದದಲ್ಲಿತ್ತು, ನಮ್ಮ ಮನೆ ಮುಂದೆ ರಾಶಿ ನೋಡಲು ಬಂದಿದ್ದ ವ್ಯಾಪಾರಿ ಅದರ ಹತ್ತಿರಕ್ಕೂ ಬಂದಿರಲಿಲ್ಲ. “ಅಂದ್ರ ನನ್ನ ಗೋವಿನಜೋಳ ನಿನ್ನ ಕಾರ ಕುಡೀತೈತಿ” ಅಂದ ಅಪ್ಪ. “ಹಂಗಾರ ರೇಟ್ ಯಾಕ ಬರವಲ್ದು?” ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಪಾಡ್ಯದ ದಿನ ಕಾಕಾನ ಮನೆಯಲ್ಲಿ ಎತ್ತುಗಳ ಸಿಂಗಾರ. ಕೊಂಬಿಗೆ ಬಣ್ಣ, ಮೈಮೇಲೆ ಝೂಲ, ಕೊರಳಿಗೆ ಗೆಜ್ಜೆಸರ. ಕಾಕಾಗೆ ಖಾಲಿ ಗಾಡಾ ಓಡಿಸುವ ಹುಚ್ಚು. ನಮ್ಮ ಕಡೆ ಜಾತ್ರೆಗಳಲ್ಲಿ ಈ ಸ್ಪರ್ಧೆ ಇಡ್ತಾರೆ. ಖಾಲಿ ಗಾಡಾಕ್ಕೆ ಜೋಡೆತ್ತು ಹೂಡಿ, ಒಂದು ನಿಮಿಷದಲ್ಲಿ ಎಷ್ಟು ದೂರ ಓಡ್ತವೆ ಅಂತ ಟೇಪು ಹಿಡಿದು ಅಳೆಯೋದು. ಓಡುವ ಎತ್ತಿಗೆ ಹತ್ತಿಕಾಳು, ಹಿಂಡಿ, ತತ್ತಿ, ಮನೆಯ ಮಕ್ಕಳಿಗೂ ಇಲ್ಲದ ಉಪಚಾರ. ಕಾಕಾನ ಖಿಲಾರಿ ಎತ್ತೊಂದು ನಾನು ಕಾಲೇಜಿನಲ್ಲಿದ್ದಾಗ ಎಷ್ಟೋ ಕಡೆ ನಂಬರ್ ತಂದಿತ್ತು. ಈಗ ಅದು ಬಾಯಿಗೂಡಿ ಎಷ್ಟೋ ವರ್ಷ. ಆವತ್ತೂ ಅದಕ್ಕೆ ಹೊಸ ಎತ್ತುಗಳ ಸರಿಸಮ ಝೂಲ ಹೊದಿಸಿದ್ದ.

ಇದನ್ನ ಸಂತೆಗೆ ಹೊಡೆಯಲಿಲ್ಲವಾ ಅಂತ ಕೇಳಿದೆ. ಮೂರು ವರ್ಷದ ಹಿಂದೆ ಗಾಡಾದಿಂದ ಬಿಡಿಸಿದನಂತೆ. ಈಗ ಹೊಲದಲ್ಲಿ ಎಡೆ ಹೊಡೆಯುತ್ತೆ. ಮೊದಮೊದಲು ಎಡೆಕುಂಟೆ ಕಟ್ಟಿದರೂ ಓಡೋಕೆ ನೋಡ್ತಿತ್ತಂತೆ, ಹತ್ತಿಗಿಡವೆಲ್ಲ ಕಿತ್ತು ಹಾಕಿತ್ತು. “ಒಂದ ಸುಗ್ಗಿ ಹಿಡೀತು ನಡಿಯಾಕ ಕಲಿಸೂದು” ಅಂದ ಕಾಕಾ. ಆಮೇಲೆ ನನ್ನ ಕಾರಿನ ಸುದ್ದಿ ಬಂತು. “ಎತ್ತಿಗೆ ಹಲ್ಲ ಎಣಸ್ತೀವಿ. ನಿನ್ನ ಕಾರಿಗೆ ಏನ ಎಣಸ್ತಿ?” ಮೀಟರ್ ತೋರಿಸಿದೆ. “ಅದು ಎಷ್ಟ ಓಡೈತಿ ಅಂತ ಹೇಳ್ತೈತಿ. ನಿನಗ ಬೇಕಾದದ್ದು ಅದಲ್ಲಲ್ಲ” ಅಂತ ಹೇಳಿ ಗೆಜ್ಜೆ ಕಟ್ಟೋಕೆ ಹೋದ.

ಆ ರಾತ್ರಿ ಹುಬ್ಬಳ್ಳಿಯಲ್ಲಿ ಮೆಕ್ಯಾನಿಕ್ ಆಗಿರುವ ಹೈಸ್ಕೂಲಿನ ಗೆಳೆಯನಿಗೆ ಫೋನ್ ಮಾಡಿದೆ. ಕುಳ್ಳ ಸ್ಪ್ರಿಂಗ್ ತೆಗೆದು ಕಂಪನಿಯ ಸ್ಪ್ರಿಂಗ್ ಹಾಕಬೇಕು, ಹೊಸವು ಸಿಗ್ತವಾ? ಹೊಸವು ತರಿಸಬೇಕು, ಹತ್ತು ದಿನ ಆಗುತ್ತೆ ಅಂದ. ಆದರೆ ಗುಜರಿಯಲ್ಲಿ ಇದೇ ಮಾಡೆಲ್ಲಿನ ಒಂದು ಕಾರು ಬಿಚ್ಚುತ್ತಿದ್ದಾರೆ, ಹಿಂದಿನಿಂದ ಯಾರೋ ಗುದ್ದಿದ್ದು, ಮುಂದೆ ಎಲ್ಲ ಚೆನ್ನಾಗಿದೆ, ಹಿಂದಿನ ಸ್ಪ್ರಿಂಗೂ ನೆಟ್ಟಗಿವೆ, ಬೆಳಗ್ಗೆ ಬಾ ಅಂದ.

ಗುರುವಾರ ಅಪ್ಪ, ಅವ್ವ ಬಸ್ಸಿಗೇ ಹೋದರು. ನಾನು ಅವರಿಗಿಂತ ಮೊದಲೇ ಕಾರು ತಗೊಂಡು ಹೊರಟಿದ್ದೆ. ಗುಜರಿಯಲ್ಲಿ ಆ ಕಾರನ್ನು ನೋಡಿದೆ. ಬೂದಿ ಬಣ್ಣದ್ದು, 2009ರದ್ದು, ಮೀಟರಿನಲ್ಲಿ 94,000. ನನ್ನದರ ಅರ್ಧಕ್ಕಿಂತ ಕಡಿಮೆ. ಡ್ಯಾಶ್‌ಬೋರ್ಡಿನ ಮೇಲೆ ಯಾರೋ ಅಂಟಿಸಿದ ಸಣ್ಣ ಗಣಪತಿ ಇನ್ನೂ ಇದ್ದ. ನಾಲ್ಕು ಸ್ಪ್ರಿಂಗ್, ಎರಡು ಹಿಡಿಕೆ, ಒಟ್ಟು 3,400. ಗೆಳೆಯನ ಕೂಲಿ 2,500, ಬೇಡ ಅಂದರೂ ಕೊಟ್ಟೆ. ಪಕ್ಕದ ಕುಶನ್ ಅಂಗಡಿಯಲ್ಲಿ ಮುಂದಿನ ಎಡಸೀಟಿನ ಸತ್ತ ಸ್ಪಂಜು ತೆಗೆಸಿ ಗಟ್ಟಿ ಸ್ಪಂಜು ಹಾಕಿಸಿದೆ, 1,800. ಮಧ್ಯಾಹ್ನ ಮೂರಕ್ಕೆ ಕಾರನ್ನು ಕೆಳಗಿಳಿಸಿದಾಗ ನೋಡೋಕೆ ಸ್ವಲ್ಪ ಪೆದ್ದಾಗಿ ಕಾಣುತ್ತಿತ್ತು, ಪ್ಯಾಂಟು ಗಿಡ್ಡವಾದ ಹುಡುಗನ ಹಾಗೆ. ಅಂಗಡಿಯವನ ಟೇಪು ಇಸ್ಕೊಂಡು ಅಳೆದೆ. ಹತ್ತೊಂಬತ್ತೂವರೆ ಇಂಚು. ಕಟ್ಟೆಗೆ ಇನ್ನೂ ಒಂದೂವರೆ ಕಡಿಮೆ.

ದವಾಖಾನೆಯ ಮುಂದೆ ಕಾರು ನಿಲ್ಲಿಸಿದಾಗ ಅಪ್ಪ ಮೊದಲು ಅನುಮಾನದಿಂದ ಬಗ್ಗಿ ನೋಡಿದ. ಡಾಕ್ಟರು ತಗ್ಗಿನಲ್ಲಿ ಕೂರಬೇಡ, ಕುಕ್ಕರಗಾಲಲ್ಲಿ ಕೂರಬೇಡ ಅಂದಿದ್ದರಂತೆ. ಬಾಗಿಲು ತೆಗೆದು, ಮೊದಲು ಸೀಟಿನ ಮೇಲೆ ಅಡ್ಡ ಕೂತು, ಆಮೇಲೆ ಎರಡೂ ಕಾಲು ಒಳಗೆ ತಗೊಳ್ಳಪಾ ಅಂತ ಹೇಳಿಕೊಟ್ಟೆ. ಕೂತ. ಮೇಲಿನ ಹಿಡಿಕೆಯನ್ನು ಎರಡು ಸಲ ಎಳೆದು ನೋಡಿದ, ಎತ್ತಿನ ಹಗ್ಗ ಎಳೆದು ನೋಡುವ ಹಾಗೆ. ದಾರಿಯುದ್ದಕ್ಕೂ ಕಾರಿನ ಬಗ್ಗೆ ಒಂದು ಮಾತಿಲ್ಲ. ಯಾರ ಹೊಲದಲ್ಲಿ ಕಡಲೆ ಹುಟ್ಟಿದೆ, ಯಾರದು ಇನ್ನೂ ಬಿತ್ತಿಲ್ಲ, ಇದೇ.

ಮೊರಬದ ಮೊದಲ ಹಂಪಿನ ಹತ್ತಿರ ಅಪ್ಪ ಅಭ್ಯಾಸದಂತೆ ಬಾಗಿಲಿಗೆ ಕೈ ಹಾಕಿದ. “ಕುಂದರಪಾ” ಅಂದೆ. ದಾಟಿತು. ಎರಡನೆಯದು, ಆ ಒಡ್ಡು. ನಾನೂ ಉಸಿರು ಹಿಡಿದಿದ್ದೆ. ಓರೆ ಮಾಡಿದೆ, ಮುಂದಿನ ಚಕ್ರ ಏರಿತು, ಇಳಿಯಿತು, ಹಿಂದಿನದು ಏರುವಾಗ ಎಲ್ಲೋ ಸಣ್ಣಗೆ ‘ಗರ್’ ಅಂದಿತು, ಅಷ್ಟೇ. ಓಣಿಯ ಹುಡುಗರಿಗೆ ನಿರಾಸೆಯಾಗಿರಬೇಕು. ಮನೆಯ ಮುಂದೆ ನಿಲ್ಲಿಸಿ ನಾನು ಆ ಕಡೆ ಓಡಿಬರುವಷ್ಟರಲ್ಲಿ ಅಪ್ಪ ಕಾಲು ಹೊರಗಿಟ್ಟು, ಒಂದು ಕೈ ಹಿಡಿಕೆಗೆ, ಇನ್ನೊಂದು ಬಾಗಿಲಿಗೆ ಕೊಟ್ಟು, ಹಲ್ಲು ಕಚ್ಚಿಕೊಂಡು ತಾನೇ ಎದ್ದು ನಿಂತಿದ್ದ. ನೋವಾಗಲಿಲ್ಲ ಅಂತ ನಾನು ಹೇಳಲಾರೆ. ಆಕಾಶ ನೋಡಿ, “ರಾಶಿಗೆ ತಾಡಪತ್ರಿ ಹೊಚ್ಚು ಬಾ, ಮೋಡ ಆಗೇತಿ” ಅಂದ.

ಭಾನುವಾರ ವಾಪಸ್ ಬರುವಾಗ ಚಿತ್ರದುರ್ಗದ ಅದೇ ತಿರುವುಗಳಲ್ಲಿ ಕಾರು ವಾಲಿತು. ಮೊದಲಿನ ವೇಗದಲ್ಲೇ ಒಳಗೆ ಹೋಗಿದ್ದೆ, ಹೊರಗಿನ ಚಕ್ರಗಳ ಮೇಲೆ ಭಾರ ಬಿದ್ದು ಎದೆ ಝಲ್ಲೆಂದಿತು. ಕಾಲು ತೆಗೆದು ಎಂಬತ್ತಕ್ಕೆ ಇಳಿಸಿದೆ. ಹಿಂದಿನಿಂದ ಬಂದ ಹೊಸ ಕಾರೊಂದು ಸಲೀಸಾಗಿ ದಾಟಿಕೊಂಡು ಹೋಯಿತು. ಬೇಜಾರಾಗಲಿಲ್ಲ ಅಂದರೆ ಸುಳ್ಳು.

ಸುರಕ್ಷತೆಯ ಸಾಲಿನ ಕೆಂಪು ಬಣ್ಣ ಹಾಗೇ ಇದೆ. ಅದಕ್ಕೆ ನಾನು ಸದ್ಯ ಮಾಡಿರೋದು ಇಷ್ಟೇ: ಹಿಂದಿನ ಸೀಟಿನ ಬೆಲ್ಟುಗಳನ್ನು ಹೊರಗೆ ಎಳೆದು ಸರಿ ಮಾಡಿಸಿದೆ, ಅವ್ವನಿಗೆ ಹಾಕಿಕೊಳ್ಳೋದು ಕಲಿಸಿದೆ, ರಾತ್ರಿ ಓಡಿಸೋದು ಬಿಟ್ಟೆ. ಎಸಿ ಕಂಪ್ರೆಸರ್ ಹೋದರೆ ಹೋಗಲಿ. ಕ್ಲಚ್ಚು, ಬುಷ್ಷು, ಸ್ಟೀರಿಂಗಿನ ಸೋರಿಕೆ ಮಾತ್ರ ಮಾಡಿಸಬೇಕು. ಕಾಗದ 2028ರವರೆಗೆ ಇದೆ. ಅಷ್ಟರಲ್ಲಿ ಅಪ್ಪನ ಕಾಲಿಗೆ ಆಪರೇಷನ್ ಆದರೂ ಆಗಬಹುದು, ನನ್ನ ಟೀಮಿನಲ್ಲಿ ಎಷ್ಟು ಜನ ಉಳಿದಿರ್ತೀವಿ ಅನ್ನೋದೂ ಗೊತ್ತಾಗಿರುತ್ತೆ. ಮುಂದಿನ ಎಡಚಕ್ರದ ‘ಟಕ್ ಟಕ್’ ಇನ್ನೂ ಇದೆ. ಶನಿವಾರ ಬಿಚ್ಚಿಸಿ ನೋಡಬೇಕು.